ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ತುರ್ತು ಚಿಕಿತ್ಸೆ: ಚೀಟಿ ಮಾಡಿಸುವ ಸಾಲಿನಿಂದಲೇ ಆರಂಭಿಸುವುದು ಹೇಗೆ?

ಸೌಲಭ್ಯ ಕಡಿಮೆ ಇರುವ ಆಸ್ಪತ್ರೆಗಳಲ್ಲಿ ಸಾಯುವ ಮಕ್ಕಳಲ್ಲಿ ಬಹಳಷ್ಟು ಮಂದಿ ದಾಖಲಾದ ಮೊದಲ 24 ಗಂಟೆಗಳೊಳಗೇ ತೀರಿಕೊಳ್ಳುತ್ತಾರೆ. ಇದಕ್ಕೆ ವೆಂಟಿಲೇಟರ್ ಇಲ್ಲದಿರುವುದೇ ಕಾರಣವೆಂದು ಹೇಳುವುದು ವಾಡಿಕೆ. ಆದರೆ ಮಲಾವಿ ದೇಶದ ಬ್ಲಾಂಟೈರ್ ನಗರದ ಕ್ವೀನ್ ಎಲಿಜಬೆತ್ ಸೆಂಟ್ರಲ್ ಆಸ್ಪತ್ರೆಯ ಅನುಭವ ಬೇರೆಯೇ ಆಗಿದೆ. ಅಲ್ಲಿ 2001ರಲ್ಲಿ ಮಕ್ಕಳ ಹೊರರೋಗಿ ವಿಭಾಗವನ್ನು ಪುನರ್ರಚಿಸಿ, ಬಂದ ಪ್ರತಿ ಮಗುವನ್ನೂ ತಕ್ಷಣ ನೋಡಿ ವಿಂಗಡಿಸುವ ಮತ್ತು ತುರ್ತು ಚಿಕಿತ್ಸೆಯನ್ನು ಅಲ್ಲೇ ಕೊಡುವ ಪದ್ಧತಿಯನ್ನು ತಂದ ಮೇಲೆ, ಶೇ. 10ರಿಂದ 18ರವರೆಗೆ ಇದ್ದ ಒಳರೋಗಿ ಮಕ್ಕಳ ಸಾವಿನ ಪ್ರಮಾಣ ಶೇ. 6ರಿಂದ 8ಕ್ಕೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ 'ಇಟಾಟ್' (ಮಕ್ಕಳ ತುರ್ತು ವಿಂಗಡಣೆ, ತಪಾಸಣೆ ಮತ್ತು ಚಿಕಿತ್ಸೆ) ಕ್ರಮದ ತಿರುಳೂ ಇದೇ. ನವಜಾತ ಶಿಶು ಮತ್ತು ಮಕ್ಕಳ ಕಾಯಿಲೆಗಳನ್ನು ಆಸ್ಪತ್ರೆಯಲ್ಲಿ ನಿಭಾಯಿಸುವ ಬಗ್ಗೆ ಭಾರತದಲ್ಲಿ ಸಿಬ್ಬಂದಿಗೆ ಕೊಡುವ ಎಫ್-ಐಎಂಎನ್‌ಸಿಐ ತರಬೇತಿಯಲ್ಲಿಯೂ ಇದು ಸೇರಿದೆ.

ಆದ್ದರಿಂದ ಮೊದಲ ಕೆಲಸವನ್ನು ಚೀಟಿ ಕೌಂಟರಿನ ಮುಂದೆ ಮಾಡಬೇಕು. ಸಾಲಿನಲ್ಲಿ ನಿಂತ ತಾಯಿಯ ಹೆಗಲ ಮೇಲೆ ಮಗು ಮಲಗಿದೆಯೋ, ಪ್ರಜ್ಞೆ ತಪ್ಪಿದೆಯೋ ಎಂಬುದನ್ನು ಯಾರೋ ಒಬ್ಬರು ಹತ್ತಿರ ಹೋಗಿ ನೋಡದೆ ತಿಳಿಯುವುದಿಲ್ಲ. ಈ ಹೊಣೆಯನ್ನು ಪ್ರತಿ ಪಾಳಿಯಲ್ಲೂ ಒಬ್ಬ ಶುಶ್ರೂಷಕಿಗೆ ಹೆಸರು ಹಿಡಿದು ವಹಿಸಬೇಕು. ಜೊತೆಗೆ ಕಾವಲುಗಾರರಿಗೂ ಚೀಟಿ ಬರೆಯುವವರಿಗೂ ಸ್ವಚ್ಛತಾ ಸಿಬ್ಬಂದಿಗೂ ಅಪಾಯದ ಚಿಹ್ನೆಗಳನ್ನು ಕಲಿಸಬೇಕು, ಏಕೆಂದರೆ ಬಾಗಿಲಲ್ಲಿ ಮಗುವನ್ನು ಮೊದಲು ಕಾಣುವವರು ಅವರೇ. ಉಸಿರು ಕಟ್ಟುವುದು ಅಥವಾ ತೀವ್ರವಾಗಿ ಏದುಸಿರು ಬಿಡುವುದು, ತುಟಿ ಮತ್ತು ನಾಲಿಗೆ ನೀಲಿಗಟ್ಟುವುದು, ಕೈಕಾಲು ತಣ್ಣಗಾಗಿ ನಾಡಿ ಕ್ಷೀಣಿಸುವುದು, ಪ್ರಜ್ಞೆ ಇಲ್ಲದಿರುವುದು, ಫಿಟ್ಸ್ ಬರುತ್ತಿರುವುದು, ಭೇದಿಯಿಂದ ಕಣ್ಣು ಗುಳಿಬಿದ್ದು ಚರ್ಮ ಹಿಂಡಿದರೆ ತೀರಾ ನಿಧಾನವಾಗಿ ಮರಳುವುದು: ಇವುಗಳಲ್ಲಿ ಒಂದು ಕಂಡರೂ ಚೀಟಿ, ಆಧಾರ್, ವಿಳಾಸ ಎಲ್ಲವೂ ಆಮೇಲೆ. ಎರಡು ತಿಂಗಳೊಳಗಿನ ಕೂಸು, ತೀರಾ ಬಿಳಿಚಿಕೊಂಡ ಮಗು, ವಿಷ ಸೇವಿಸಿದ ಮಗು, ಸುಟ್ಟಗಾಯದ ಮಗು, ಎರಡೂ ಪಾದ ಊದಿಕೊಂಡ ಮಗು ಸಾಲಿನ ಮುಂದಕ್ಕೆ ಬರಬೇಕು.

ಎರಡನೆಯದು ಸ್ಥಳ. ಪ್ರತ್ಯೇಕ ಕೋಣೆ ಇಲ್ಲದಿದ್ದರೆ ಒಂದು ಮೂಲೆ ಸಾಕು. ಆದರೆ ಅಲ್ಲಿ ಆಕ್ಸಿಜನ್, ಬಾಯಿ ಮೂಗಿನ ಕಫ ಹೀರುವ ಸಕ್ಷನ್ ಯಂತ್ರ, ಕೈಯಿಂದ ಒತ್ತಿ ಉಸಿರು ಕೊಡುವ ಮಕ್ಕಳ ಅಳತೆಯ ಆಂಬು ಬ್ಯಾಗ್ ಮತ್ತು ಮಾಸ್ಕ್‌ಗಳು, ಪಲ್ಸ್ ಆಕ್ಸಿಮೀಟರ್, ಗ್ಲುಕೋಮೀಟರ್, ತೂಕದ ಯಂತ್ರ ಸದಾ ಸಿದ್ಧವಾಗಿರಬೇಕು. ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ಮನೆಗೆ ಒಯ್ಯುವ ಪದ್ಧತಿಯನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬಾರದು. ಸಾಮಾನು ಕಳೆದರೆ ಲೆಕ್ಕ ಕೊಡಬೇಕೆಂಬ ಭಯ ಸಹಜವೇ, ಆದರೆ ಅದಕ್ಕೆ ಉತ್ತರ ಪಾಳಿ ಬದಲಾಗುವಾಗ ಸಹಿ ಹಾಕುವ ತಪಾಸಣಾ ಪಟ್ಟಿಯೇ ಹೊರತು ಬೀಗವಲ್ಲ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಓಡುತ್ತಿದೆ ಎಂದಾಕ್ಷಣ ಮಗುವಿಗೆ ಆಕ್ಸಿಜನ್ ಸೇರುತ್ತಿದೆ ಎಂದಲ್ಲ. ಮೂಗಿನ ನಳಿಕೆಯ ತುದಿಯನ್ನು ಒಂದು ಲೋಟ ಶುದ್ಧ ನೀರಿನಲ್ಲಿ ಅದ್ದಿ ಗುಳ್ಳೆ ಏಳುತ್ತದೆಯೇ ಎಂದು ನೋಡಿ, ಒರೆಸಿ, ಆಮೇಲೆ ತೊಡಿಸಬೇಕು. ರಕ್ತದ ಆಕ್ಸಿಜನ್ ಮಟ್ಟ ಶೇ. 90ಕ್ಕಿಂತ ಕಡಿಮೆ ಇದ್ದರೆ ಕೊಡಲೇಬೇಕು. ಶಾಕ್ (ರಕ್ತಸಂಚಾರ ಕುಸಿದ ಸ್ಥಿತಿ), ಕೋಮಾ, ಫಿಟ್ಸ್ ಅಥವಾ ತೀವ್ರ ಉಸಿರಾಟದ ತೊಂದರೆ ಇರುವ ಮಗುವಿನಲ್ಲಿ ಅದನ್ನು ಶೇ. 94ಕ್ಕಿಂತ ಮೇಲಿಡಬೇಕು.

ಪ್ರಜ್ಞೆಯಿಲ್ಲದ ಅಥವಾ ಫಿಟ್ಸ್ ಬರುತ್ತಿರುವ ಪ್ರತಿ ಮಗುವಿನ ರಕ್ತದ ಸಕ್ಕರೆಯನ್ನು ನೋಡಬೇಕು. ಅದು ಡೆಸಿಲೀಟರಿಗೆ 45 ಮಿಲಿಗ್ರಾಂಗಿಂತ, ತೀವ್ರ ಅಪೌಷ್ಟಿಕತೆ ಇದ್ದರೆ 54 ಮಿಲಿಗ್ರಾಂಗಿಂತ ಕಡಿಮೆಯಾಗಿದ್ದರೆ, ಅಥವಾ ನೋಡಲು ಸ್ಟ್ರಿಪ್ ಇಲ್ಲದಿದ್ದರೂ, ಮಗುವಿನ ತೂಕದ ಪ್ರತಿ ಕಿಲೋಗೆ 5 ಮಿಲೀಯಂತೆ ಶೇ. 10ರ ಗ್ಲುಕೋಸನ್ನು ರಕ್ತನಾಳಕ್ಕೆ ಕೊಡಬೇಕು. ಕೈಯಲ್ಲಿ ಶೇ. 25ರದ್ದು ಮಾತ್ರ ಇದ್ದರೆ ಅದರ 20 ಮಿಲೀಗೆ 30 ಮಿಲೀ ಸ್ಟೆರೈಲ್ ನೀರು ಬೆರೆಸಿದರೆ ಶೇ. 10ರದ್ದಾಗುತ್ತದೆ. ನಾಳ ಸಿಗದಿದ್ದರೆ ಒಂದು ಚಮಚ ಸಕ್ಕರೆಯನ್ನು ನೀರಿನಿಂದ ಒದ್ದೆ ಮಾಡಿ ನಾಲಿಗೆಯ ಕೆಳಗೆ ಇಟ್ಟು, ಹತ್ತು ಇಪ್ಪತ್ತು ನಿಮಿಷಕ್ಕೊಮ್ಮೆ ಮತ್ತೆ ಇಡಬೇಕು. ಈ ಲೆಕ್ಕಗಳನ್ನೆಲ್ಲ ತೂಕವಾರು ಮೊದಲೇ ಮಾಡಿ ಗೋಡೆಗೆ ಅಂಟಿಸಿರಬೇಕು. ನಡುರಾತ್ರಿ ಗಾಬರಿಯಲ್ಲಿ ಗುಣಾಕಾರ ಮಾಡುವ ಪ್ರಮೇಯ ಬರಬಾರದು.

ಹೆಚ್ಚು ಎಚ್ಚರ ಬೇಕಾಗಿರುವುದು ಡ್ರಿಪ್ ವಿಷಯದಲ್ಲಿ. ಉಗಾಂಡಾ, ಕೀನ್ಯಾ ಮತ್ತು ಟಾಂಜಾನಿಯಾಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ 'ಫೀಸ್ಟ್' ಅಧ್ಯಯನದಲ್ಲಿ, ಜ್ವರದೊಂದಿಗೆ ರಕ್ತಸಂಚಾರ ಕುಂದಿದ ಮಕ್ಕಳಿಗೆ ದ್ರವವನ್ನು ವೇಗವಾಗಿ ಹರಿಸಿದಾಗ 48 ಗಂಟೆಗಳೊಳಗೆ ಶೇ. 10.5ರಷ್ಟು ಮಕ್ಕಳು ಸತ್ತರು. ಹಾಗೆ ಹರಿಸದ ಗುಂಪಿನಲ್ಲಿ ಸತ್ತವರು ಶೇ. 7.3. ಆ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ನಿಯಮ ಬಿಗಿಯಾಯಿತು. ಕೈಕಾಲು ತಣ್ಣಗಿರುವುದು, ಉಗುರನ್ನು ಬಿಳಿಚುವಷ್ಟು ಒತ್ತಿ ಬಿಟ್ಟರೆ ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿಯುವುದು, ನಾಡಿ ಕ್ಷೀಣವಾಗಿಯೂ ವೇಗವಾಗಿಯೂ ಇರುವುದು, ಈ ಮೂರೂ ಒಟ್ಟಿಗೆ ಇದ್ದರೆ ಮಾತ್ರ ಶಾಕ್ ಎಂದು ಎಣಿಸಿ, ಕಿಲೋಗೆ 10ರಿಂದ 20 ಮಿಲೀ ದ್ರವವನ್ನು 30ರಿಂದ 60 ನಿಮಿಷಗಳಲ್ಲಿ ಕೊಡಬೇಕು. ಉಸಿರಿನ ವೇಗ ಹೆಚ್ಚಿದರೆ ಅಥವಾ ಪಿತ್ತಜನಕಾಂಗ ದೊಡ್ಡದಾದರೆ ನಿಲ್ಲಿಸಬೇಕು. ಭೇದಿಯಿಂದ ತೀವ್ರವಾಗಿ ಬತ್ತಿದ ಮಗುವಿನ ಮಾತು ಬೇರೆ: ಅದಕ್ಕೆ ಕಿಲೋಗೆ 100 ಮಿಲೀ ರಿಂಗರ್ ಲ್ಯಾಕ್ಟೇಟನ್ನು (ಲವಣಗಳಿರುವ ಡ್ರಿಪ್ ದ್ರವ), ಒಂದು ವರ್ಷದೊಳಗಿದ್ದರೆ 6 ಗಂಟೆಗಳಲ್ಲಿ, ಮೇಲ್ಪಟ್ಟಿದ್ದರೆ 3 ಗಂಟೆಗಳಲ್ಲಿ ಕೊಡಬೇಕು. ಡೆಂಗ್ಯೂ ಶಾಕ್‌ಗೂ ತೀವ್ರ ಅಪೌಷ್ಟಿಕತೆಗೂ ಪ್ರತ್ಯೇಕ ಕ್ರಮಗಳಿವೆ. ಅವನ್ನೂ ಅದೇ ಗೋಡೆಯ ಮೇಲೆ ಹಾಕಬೇಕು.

ಒಂದು ದಿನದ ತರಬೇತಿ ಬೇಗ ಮರೆತುಹೋಗುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ ಒಂದು ಬೊಂಬೆಯನ್ನು ಮಲಗಿಸಿ, ಯಾರು ಉಸಿರು ಕೊಡುತ್ತಾರೆ, ಯಾರು ನಾಳ ಹುಡುಕುತ್ತಾರೆ, ಯಾರು ಬರೆದುಕೊಳ್ಳುತ್ತಾರೆ ಎಂಬುದನ್ನು ಅಭ್ಯಾಸ ಮಾಡುವುದು ಹೆಚ್ಚು ಉಪಯುಕ್ತ. ಸಾವು ಸಂಭವಿಸಿದರೆ, ಮಗು ಬಂದ ಹೊತ್ತು, ಮೊದಲ ಆಕ್ಸಿಜನ್ ಹೊತ್ತು, ಮೊದಲ ಆಂಟಿಬಯಾಟಿಕ್ ಹೊತ್ತು ಇವುಗಳನ್ನು ಮುಂದಿಟ್ಟುಕೊಂಡು, ಯಾರನ್ನೂ ದೂಷಿಸದೆ, ತಡವಾದದ್ದು ಎಲ್ಲಿ ಎಂದು ಚರ್ಚಿಸಬೇಕು.

ಜಿಲ್ಲಾಸ್ಪತ್ರೆಗೆ ಕಳಿಸಲೇಬೇಕಾದಾಗ 108ಕ್ಕೆ ಕರೆ ಮಾಡಿ ಕಾಯುವ ಹೊತ್ತನ್ನು ವ್ಯರ್ಥ ಮಾಡಬಾರದು. ಮೊದಲ ಆಂಟಿಬಯಾಟಿಕ್ ಕೊಟ್ಟು, ಸಕ್ಕರೆ ನೋಡಿ, ಮಗುವನ್ನು ಬೆಚ್ಚಗೆ ಹೊದಿಸಿ, ಸಿಲಿಂಡರಿನಲ್ಲಿರುವ ಆಕ್ಸಿಜನ್ ದಾರಿಗೆ ಸಾಲುವುದೇ ಎಂದು ಲೆಕ್ಕ ಹಾಕಿ, ಅಲ್ಲಿನ ವೈದ್ಯರಿಗೆ ಫೋನಿನಲ್ಲಿ ತಿಳಿಸಿ, ಕೊಟ್ಟ ಔಷಧ, ಪ್ರಮಾಣ, ಸಮಯಗಳನ್ನು ಓದುವಂತೆ ಬರೆದ ಚೀಟಿಯನ್ನು ಜೊತೆಗೆ ಹೋಗುವ ಶುಶ್ರೂಷಕಿಯ ಕೈಗೇ ಕೊಡಬೇಕು.