ಪ್ರೊಜೆಕ್ಟರ್ ಬಂತೆಂದು ಬೋರ್ಡ್ ಮುಚ್ಚಬೇಡಿ

ಶಾಲೆಗೆ ಪ್ರೊಜೆಕ್ಟರ್ ಬಂದ ದಿನ ಆಗುವ ಮೊದಲ ತಪ್ಪು, ಕರಿಹಲಗೆಯ ಮೇಲೇ ಮೊಳೆ ಹೊಡೆದು ಪರದೆ ಇಳಿಬಿಡುವುದು. ಲೆಕ್ಕ ಬಿಡಿಸಬೇಕಾದಾಗಲೆಲ್ಲ ಪರದೆ ಸುತ್ತಬೇಕು, ಮತ್ತೆ ಇಳಿಸಬೇಕು. ಹೀಗೆ ನಾಲ್ಕು ದಿನ ಮಾಡಿದ ಮೇಷ್ಟ್ರು ಐದನೇ ದಿನ ಸುತ್ತಿಟ್ಟರೆ, ಅದನ್ನು ಮತ್ತೆ ಬಿಚ್ಚುವುದು ಇನ್‌ಸ್ಪೆಕ್ಷನ್ನಿಗೇ. ಬೋರ್ಡೂ ಚಿತ್ರವೂ ಅಕ್ಕಪಕ್ಕ ಇರಲಿ.

ಹಳೆಯ ಸಾಧನಗಳು ಬೀರು ಸೇರಿದ್ದಕ್ಕೂ ಕಾರಣವಿತ್ತು. ಆಕಾಶವಾಣಿಯ ಕೇಳಿ-ಕಲಿ ಪಾಠಗಳಿಗೂ, 2004ರ ಎಜುಸ್ಯಾಟ್ ಉಪಗ್ರಹದಿಂದ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಟಿವಿಗೆ ಬಂದ ಪಾಠಗಳಿಗೂ ಒಂದೇ ತೊಡಕು: ಪ್ರಸಾರದ ಹೊತ್ತಿಗೇ ಕರೆಂಟೂ ಇರಬೇಕು, ತರಗತಿಯೂ ಆ ಪಾಠಕ್ಕೇ ಬಂದಿರಬೇಕು. ಪ್ರೊಜೆಕ್ಟರಿಗೆ ಆ ಹಂಗಿಲ್ಲ. ಕರೆಂಟು ಬಂದಾಗ ಹಾಕಿ, ಬೇಕಾದಲ್ಲಿ ನಿಲ್ಲಿಸಬಹುದು. ಅದರ ತಾಪತ್ರಯಗಳೇ ಬೇರೆ.

ಮೊದಲು ಅಳತೆ. 20 ಅಡಿ ಗೋಡೆಯ ನಡುವೆ 8 ಅಡಿ ಬೋರ್ಡ್ ಇದ್ದರೆ ಎರಡೂ ಕಡೆ 6 ಅಡಿ ಉಳಿಯುತ್ತದೆ. ಕಿಟಕಿಯಿಂದ ದೂರದ ಬದಿಯನ್ನು ಆರಿಸಿ, ಹೊಳಪಿಲ್ಲದ ಬಿಳಿ ಬಣ್ಣ ಎರಡು ಕೋಟ್ ಹೊಡೆಯಿರಿ, ಪರದೆಯೇ ಬೇಡ. ನುಣುಪಾದ ವೈಟ್‌ಬೋರ್ಡಿನ ಮೇಲೆ ಬಿಟ್ಟರೆ ಬಲ್ಬು ಒಂದೆಡೆ ಕಣ್ಣು ಕುಕ್ಕುತ್ತದೆ. ಬಣ್ಣ ಹೊಡೆದ ಬದಿಯಲ್ಲಿ 1.6 ಮೀಟರ್ ಅಗಲ, 1 ಮೀಟರ್ ಎತ್ತರದ ಚಿತ್ರ ಸರಿಯಾಗಿ ಕೂರುತ್ತದೆ. ಕೊನೆಯ ಸಾಲು ಚಿತ್ರದ ಎತ್ತರದ ಆರು ಪಟ್ಟಿಗಿಂತ ದೂರವಿರಬಾರದು, ಅಂದರೆ 6 ಮೀಟರ್. ಮಕ್ಕಳು ನೆಲದ ಮೇಲೆ ಕೂರುವುದಾದರೆ ಚಿತ್ರದ ಕೆಳಂಚು ಮೂರೂವರೆ ಅಡಿ ಎತ್ತರದಲ್ಲಿರಲಿ.

ಪ್ರೊಜೆಕ್ಟರ್ ಎಷ್ಟು ದೂರದಲ್ಲಿರಬೇಕು ಎಂಬುದಕ್ಕೆ ಅದರ ಪುಸ್ತಿಕೆಯಲ್ಲಿ ಥ್ರೋ ರೇಶಿಯೊ ನೋಡಿ, ಅಂದರೆ ದೂರ ಚಿತ್ರದ ಅಗಲದ ಎಷ್ಟು ಪಟ್ಟು ಎಂಬ ಅಂಕಿ. ಅದು 1.5 ಇದ್ದರೆ ಅಗಲ 1.6ರಿಂದ ಗುಣಿಸಿ: 2.4 ಮೀಟರ್. ಹಗಲು ಹೊತ್ತಿಗೆ ಕನಿಷ್ಠ 3000 ಲ್ಯೂಮೆನ್ (ಬೆಳಕಿನ ಅಳತೆ) ಬೇಕು.

ಹೆಚ್ಚಿನವರು ಎಡವುವುದು ತೂಗುಹಾಕುವಾಗ. ಕೊಠಡಿ ನಡುವಿನ ಫ್ಯಾನ್ ಕೊಕ್ಕೆ ಖಾಲಿ ಇದೆಯೆಂದು ಅಲ್ಲಿಗೇ ನೇತುಹಾಕುತ್ತಾರೆ. ಚಿತ್ರ ಬದಿಯಲ್ಲಿ, ಪ್ರೊಜೆಕ್ಟರ್ ನಡುವಿನಲ್ಲಿ. ಆಗ ಚೌಕ ಒಂದು ಕಡೆ ಎಳೆದ ರೊಟ್ಟಿಯಂತಾಗುತ್ತದೆ. ಕೀಸ್ಟೋನ್ ಗುಂಡಿ ಒತ್ತಿ ಸರಿಮಾಡಬಹುದು, ಆದರೆ ಅಕ್ಷರ ಮಸುಕಾಗುತ್ತದೆ. ಚಿತ್ರದ ಮಧ್ಯಕ್ಕೆ ನೇರವಾಗಿ, ಆರ್‌ಸಿಸಿಗೆ ಆಂಕರ್ ಬೋಲ್ಟ್ ಹಾಕಿ ಪ್ರತ್ಯೇಕ ಕಂಬಿ ಇಳಿಸಿ. ಫ್ಯಾನಿನ ಕೊಕ್ಕೆಗೂ ಅದಕ್ಕೂ ಸಂಬಂಧ ಇರದಿರಲಿ, ಇಲ್ಲದಿದ್ದರೆ ಫ್ಯಾನ್ ತಿರುಗಿದಾಗ ಚಿತ್ರವೂ ನಡುಗುತ್ತದೆ. ತಲೆಕೆಳಗಾಗಿ ತೂಗುಹಾಕಿದ್ದರೆ ಮೆನುವಿನಲ್ಲಿ ಸೀಲಿಂಗ್ ಆಯ್ಕೆ ಮಾಡಿದರೆ ಸಾಕು.

ಸೀಮೆಸುಣ್ಣದ ಪುಡಿ ಪ್ರೊಜೆಕ್ಟರಿನ ಶತ್ರು. ಫಿಲ್ಟರ್ ಕಟ್ಟಿಕೊಂಡರೆ ಗಾಳಿಯಾಡದೆ ಕಾದು, ಪಾಠದ ನಡುವೆ ತಾನೇ ಆರುತ್ತದೆ. ಅದನ್ನು ನೋಡಿ ಕೆಟ್ಟಿತೆಂದು ರಿಪೇರಿಗೆ ಒಯ್ಯಬೇಡಿ. ತಣ್ಣಗಾದ ಮೇಲೆ ಫಿಲ್ಟರ್ ತೆಗೆದು ಮೆತ್ತನೆಯ ಬ್ರಷ್ಷಿನಿಂದ ಕೊಡವಿ ನೋಡಿ. ತಿಂಗಳಿಗೊಮ್ಮೆ ಸಾಕು, ಮಾರ್ಚಿಯಲ್ಲಿ ಎರಡು ಸಲ. ಬೋರ್ಡನ್ನು ಒಣ ಡಸ್ಟರಿನ ಬದಲು ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ. ಬೆಲ್ ಹೊಡೆದ ತಕ್ಷಣ ಗೋಡೆಯ ಸ್ವಿಚ್ಚೇ ಆರಿಸುವುದು ಇನ್ನೊಂದು ಕೆಟ್ಟ ಚಾಳಿ: ರಿಮೋಟಿನಲ್ಲಿ ಆರಿಸಿ, ಒಳಗಿನ ಫ್ಯಾನ್ ನಿಂತ ಮೇಲೆ ಸ್ವಿಚ್ ತೆಗೆಯಿರಿ. ಬಲ್ಬಿನ ಮಾದರಿಗೆ ಇದು ಕಡ್ಡಾಯ.

ಕರೆಂಟಿಗೆ 600 ವಿಎ ಯುಪಿಎಸ್ ನಂಬಬೇಡಿ. ಅದು ಕಂಪ್ಯೂಟರ್ ಸರಿಯಾಗಿ ಆರಿಸುವಷ್ಟು ಹೊತ್ತಿಗೆ ಮಾತ್ರ. ಪ್ರೊಜೆಕ್ಟರ್ 280 ವಾಟ್, ಲ್ಯಾಪ್‌ಟಾಪ್ 50 ಎಂದಿಟ್ಟುಕೊಂಡರೆ, 150 ಎಎಚ್ ಬ್ಯಾಟರಿಯ ಇನ್ವರ್ಟರ್ ಮೂರು ಪೀರಿಯಡ್ ಎಳೆಯುತ್ತದೆ. ಬ್ಯಾಟರಿಗೆ ಡಿಸ್ಟಿಲ್ಡ್ ನೀರೇ ಹಾಕಬೇಕು, ಬೋರ್‌ವೆಲ್ ನೀರಲ್ಲ. ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಎಂದು ಲೈನ್‌ಮನ್ ಹತ್ತಿರ ನೋಡಿಸಿ.

ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಸ್ಕ್ಯಾನ್ ಮಾಡಿ, ಪಾಠದ ವಿಡಿಯೊವನ್ನು ಹಿಂದಿನ ದಿನ ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಇನ್ನು ನಿಮ್ಮದೇ ಸ್ಲೈಡು ಶಾಲೆಯ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಸೊನ್ನೆ, ಬಾಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ ಕಡತ ಹಾಳಾಗಿಲ್ಲ: ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ್ದು, ಆ ಫಾಂಟು ಅಲ್ಲಿಲ್ಲ, ಅಷ್ಟೇ. ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಯೂನಿಕೋಡಿನಲ್ಲಿ ಟೈಪು ಮಾಡಿ, ಅಕ್ಷರ 32 ಪಾಯಿಂಟಿಗಿಂತ ಚಿಕ್ಕದಾಗದಿರಲಿ. ಮಾಡಿ ಮುಗಿದದ್ದನ್ನು ಪಿಡಿಎಫ್ ಮಾಡಿ ಪೆನ್‌ಡ್ರೈವಿನಲ್ಲಿ ಒಯ್ಯಿರಿ.