ಸೋರಿಯಾಸಿಸ್ ಇರುವವರು ಕೊಯ್ಲಿನ ಕಾಲದಲ್ಲಿ ಗಮನಿಸಬೇಕಾದದ್ದು

ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಕೊಯ್ಲು ನಡೆಯುವ ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಸೋರಿಯಾಸಿಸ್ (ಚರ್ಮದ ಮೇಲೆ ಮಚ್ಚೆಗಳೆದ್ದು ಹೊಟ್ಟು ಉದುರುವ ಕಾಯಿಲೆ) ಇರುವ ಅನೇಕರಿಗೆ ತೊಂದರೆ ಉಲ್ಬಣಿಸುತ್ತದೆ. ರೆಂಬೆ ಗೀರಿದ ಜಾಗದಲ್ಲಿ, ಕೆಲವೊಮ್ಮೆ ಒಂದೆರಡು ವಾರಗಳ ನಂತರ, ಆ ಗೀರಿನ ಉದ್ದಕ್ಕೂ ಹೊಟ್ಟೇಳುವ ಹೊಸ ಮಚ್ಚೆ ಮೂಡಬಹುದಾದ್ದರಿಂದ, ತುಂಬು ತೋಳಿನ ಅಂಗಿ ತೊಟ್ಟೇ ಕೊಯ್ಲಿಗೆ ಇಳಿಯುವುದು ಒಳ್ಳೆಯದು. ಹೊಟ್ಟನ್ನು ಉಗುರಿನಿಂದ ಕೀಳುವುದೂ ಇಂಥದೇ ಗಾಯ. ಹಂಡೆಯ ಸುಡುನೀರು ಎಷ್ಟೇ ಹಿತವೆನಿಸಿದರೂ ಚರ್ಮವನ್ನು ಮತ್ತಷ್ಟು ಒಣಗಿಸುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಮೈ ಇನ್ನೂ ತೇವವಿರುವಾಗಲೇ ವ್ಯಾಸಲೀನ್ ಹಚ್ಚಿಕೊಳ್ಳಬೇಕು.

ಧೂಮಪಾನ, ಮದ್ಯ, ಹೆಚ್ಚಿದ ತೂಕ, ಮಾನಸಿಕ ಒತ್ತಡ ಇವೆಲ್ಲ ರೋಗವನ್ನು ಕೆರಳಿಸುತ್ತವೆ. ಗಂಟಲಿನ ಸೋಂಕು, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳೂ ಕಾರಣವಾಗಬಹುದು. ಆದರೆ ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ನನಗೆ ಎಲ್ಲಕ್ಕಿಂತ ಆತಂಕ ತರುವುದು ಸ್ಟೀರಾಯ್ಡ್. ಹೆಸರಿಲ್ಲದ ಪುಡಿ, ಮಾತ್ರೆಗಳಲ್ಲಿ ಅದು ಬೆರೆತಿದ್ದರೆ, ಸೇವನೆ ಬಿಟ್ಟ ಕೂಡಲೇ ರೋಗ ಮೈಯೆಲ್ಲ ಹರಡುವ ಅಪಾಯವಿದೆ. ಸೋರಿಯಾಸಿಸ್ ಅಂಟುರೋಗವಲ್ಲವಾದ್ದರಿಂದ ಅದಿರುವ ಕೆಲಸದವರಿಗೆ ಬೇರೆ ಲೋಟದಲ್ಲಿ ಕಾಫಿ ಕೊಟ್ಟು ದೂರವಿಡುವುದು ಅನ್ಯಾಯ. ಬೆಳಿಗ್ಗೆ ಏಳುವಾಗ ಬೆರಳ ಗೆಣ್ಣುಗಳು ಬಿಗಿದು ನೋಯುತ್ತಿದ್ದರೆ, ರೋಗ ಕೀಲುಗಳಿಗೂ ತಗುಲಿರಬಹುದು; ತಡಮಾಡದೆ ವೈದ್ಯರಿಗೆ ತೋರಿಸಿ.