ನಮ್ಮ ಶೆಡ್ಡಿನ ಪ್ರೆಸ್ಸು

ಪೇಂಟಿಂಗ್ ಮಾಡುವವರಿಗೆ ಮನೆಯ ಒಂದು ಮೂಲೆಯಾದರೂ ಸಾಕಾಗುತ್ತದೆ. ಪ್ರಿಂಟ್‌ಮೇಕಿಂಗ್ ಓದಿದ ನಮಗೆ ಹಾಗಲ್ಲ. ಎಚಿಂಗ್‌ಗೆ, ಅಂದರೆ ಲೋಹದ ತಗಡಿನಲ್ಲಿ ಆಸಿಡ್‌ನಿಂದ ಗೀರು ಕೊರೆದು ಚಿತ್ರದ ಅಚ್ಚು ತೆಗೆಯುವುದಕ್ಕೆ, ಪ್ರೆಸ್ ಬೇಕೇ ಬೇಕು. ತಗಡಿನ ಗೀರುಗಳಲ್ಲಿ ಕೂತ ಇಂಕು ಒದ್ದೆ ಕಾಗದಕ್ಕೆ ಬರಬೇಕಾದರೆ ಉಕ್ಕಿನ ರೋಲರ್‌ಗಳ ಒತ್ತಡವೇ ಆಗಬೇಕು, ಕೈಯಲ್ಲಿ ಉಜ್ಜಿದರೆ ಆಗುವುದಿಲ್ಲ. ಮೇಲೆ ಹಾಸಲು ದಪ್ಪ ಉಣ್ಣೆಯ ಫೆಲ್ಟ್, ಆಸಿಡ್‌ಗೆ ಗಾಳಿಯಾಡುವ ಜಾಗ, ಕಾಗದ ನೆನೆಸುವ ತೊಟ್ಟಿ, ಒಣಗಿಸುವ ರ್ಯಾಕ್. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಇದೆಲ್ಲಾ ಎಲ್ಲಿ ಇಡೋದು? ನನ್ನ ಜೊತೆ ಓದಿದ ಒಳ್ಳೊಳ್ಳೆ ಕೈಗಳು ಇದೊಂದೇ ಕಾರಣಕ್ಕೆ ಪ್ರಿಂಟ್ ತೆಗೆಯುವುದನ್ನೇ ಬಿಟ್ಟವು.

ನಾವು ಕೆಲವರು ಗೆಳೆಯರು ಸೇರಿ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ ಹಿಡಿದೆವು. ಎಲ್ಲ ಕಡೆಯಂತೆ ಇಲ್ಲೂ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು. ಹಂಚಿಕೊಂಡು ಕೊಟ್ಟೆವು. ಅಲ್ಲಿಗೇ ಹೋಗಿದ್ದಕ್ಕೆ ಕಾರಣ ಇದೆ. ಅಕ್ಕಪಕ್ಕ ಎಲ್ಲಾ ಲೇತ್ ಅಂಗಡಿಗಳು. ಸದ್ದು, ವಾಸನೆ ಅಂತ ಯಾರೂ ಜಗಳಕ್ಕೆ ಬರುವುದಿಲ್ಲ. ಪ್ರೆಸ್ಸಿನ ಬೇರಿಂಗ್ ಕೈಕೊಟ್ಟರೆ ಪಕ್ಕದ ಅಂಗಡಿಯ ಮೇಸ್ತ್ರಿಯೇ ಬಂದು ನೋಡುತ್ತಾರೆ.

ಇಂಥ ಜಾಗಗಳು ಏನು ಮಾಡಬಲ್ಲವು ಅನ್ನುವುದಕ್ಕೆ ನಮ್ಮ ಮುಂದೆ ದೊಡ್ಡ ಉದಾಹರಣೆ ಇತ್ತು. ಇಂಗ್ಲಿಷ್ ಕಲಾವಿದ ಸ್ಟ್ಯಾನ್ಲಿ ವಿಲಿಯಂ ಹೇಟರ್ ಪ್ಯಾರಿಸ್‌ನಲ್ಲಿ 1927ರಲ್ಲಿ ಶುರು ಮಾಡಿದ ವರ್ಕ್‌ಶಾಪ್, ಮುಂದೆ ಅಟೆಲಿಯೆ 17 ಅಂತ ಹೆಸರಾಯಿತು. ಆಂಧ್ರದಲ್ಲಿ ಹುಟ್ಟಿ ಶಾಂತಿನಿಕೇತನದಲ್ಲಿ ಓದಿದ ಕೃಷ್ಣ ರೆಡ್ಡಿ ಅಲ್ಲಿ ಕೆಲಸ ಮಾಡಿದರು. ಗಟ್ಟಿ ರೋಲರ್, ಮೆತ್ತನೆ ರೋಲರ್, ಎಣ್ಣೆ ಹೆಚ್ಚುಕಡಿಮೆ ಮಾಡಿದ ಇಂಕು, ಇಷ್ಟರಲ್ಲೇ ಒಂದೇ ತಗಡಿನಿಂದ ಒಂದೇ ಸಲಕ್ಕೆ ಹಲವು ಬಣ್ಣ ತೆಗೆಯುವ ವಿಸ್ಕಾಸಿಟಿ ವಿಧಾನ ಬೆಳೆದದ್ದು ಅಲ್ಲೇ. ಕೃಷ್ಣ ರೆಡ್ಡಿ, ನಮ್ಮ ದೇಶದವರೇ ಆದ ಇನ್ನೊಬ್ಬ ಕಲಾವಿದ ಕೈಕೋ ಮೋತಿ, ಹೇಟರ್ ಒಂದೇ ಸೂರಿನಡಿ ಕೆಲಸ ಮಾಡುತ್ತಿದ್ದುದರ ಫಲ ಅದು. ನಮ್ಮ ದೇಶದಲ್ಲೇ ಬರೋಡಾದಲ್ಲಿ 1999ರಿಂದ ಛಾಪ್ ಅನ್ನುವ ಪ್ರಿಂಟ್‌ಮೇಕಿಂಗ್ ವರ್ಕ್‌ಶಾಪ್ ಇದೆ.

ಬಾಡಿಗೆ ಹಂಚಿಕೊಳ್ಳಲು ಅಂತ ಜನ ಬರುತ್ತಾರೆ, ನಿಜ. ಆದರೆ ಉಳಿಯುವುದು ಪಕ್ಕದವರ ಕೈ ನೋಡಲು. ನನಗಂತೂ ಹಾಗೇ ಆಯಿತು. ಇಂಕು ಒರೆಸುವಾಗ ಬಟ್ಟೆ ಎಷ್ಟು ಹಗುರ ಹಿಡಿಯಬೇಕು, ಕಾಗದ ಎಷ್ಟು ಒದ್ದೆ ಇದ್ದರೆ ಸರಿ, ಇವನ್ನು ಓದಿ ಕಲಿಯಲು ಆಗುವುದಿಲ್ಲ. ಪಕ್ಕದಲ್ಲಿ ನಿಂತು ನೋಡಬೇಕು.

ಮೈಲುತುತ್ತದ ಕಥೆಯನ್ನೇ ಹೇಳುತ್ತೇನೆ. ಜಿಂಕ್ ತಗಡಿಗೆ ನಾವೆಲ್ಲ ನೈಟ್ರಿಕ್ ಆಸಿಡ್ ಬಳಸಿ ಕಲಿತವರು. ಅದರ ಕಂದು ಹೊಗೆ ಎದೆಗೆ ಒಳ್ಳೆಯದಲ್ಲ. ಹಲವರು ಒಟ್ಟಿಗೆ ಕೆಲಸ ಮಾಡುವ ಕಡೆ ಅದು ಬೇಡವೇ ಬೇಡ ಅಂದುಕೊಂಡು, ಕಾಪರ್ ಸಲ್ಫೇಟ್ ಮತ್ತು ಉಪ್ಪು ಸಮ ತೂಕದಲ್ಲಿ ನೀರಿಗೆ ಹಾಕುವ ವಿಧಾನ ಹಿಡಿದೆವು. ತೀರ್ಥಹಳ್ಳಿ ಕಡೆಯ ಗೆಳೆಯ ಆ ನೀಲಿ ಹರಳು ನೋಡಿದವನೇ, "ಅಯ್ಯೋ ಅಕ್ಕಾ, ಇದು ಅಡಿಕೆಗೆ ಹೊಡೆಯೋ ಮೈಲುತುತ್ತ ಅಲ್ವಾ!" ಅಂದ. ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಬೋರ್ಡೋ ದ್ರಾವಣ ಮಾಡುವುದು ಅವನ ಮನೆಯಲ್ಲಿ ಪ್ರತಿ ಮಳೆಗಾಲದ ಕೆಲಸ. ಅಂದಿನಿಂದ ದ್ರಾವಣ ಕಲೆಸುವುದು, ಜೋಪಾನ ಮಾಡುವುದು ಅವನ ಜವಾಬ್ದಾರಿ. ತಗಡಿನ ಮೇಲೆ ಕೂರುವ ಕೆಂಪು ತಾಮ್ರದ ಪುಡಿಯನ್ನು ಮೆತ್ತನೆ ಬ್ರಷ್‌ನಲ್ಲಿ ಆಗಾಗ ಸರಿಸುತ್ತಿರಬೇಕು. ಗ್ಲೌಸು, ಕನ್ನಡಕ ಇದಕ್ಕೂ ಬೇಕು. ಬಳಸಿದ ದ್ರಾವಣವನ್ನು ಮೋರಿಗೆ ಸುರಿಯುವಂತಿಲ್ಲ. ಇದು ಶೆಡ್ಡಿನಲ್ಲಿ ಯಾರೂ ಮುರಿಯಬಾರದ ನಿಯಮ.

ಇನ್ನುಳಿದ ನಿಯಮಗಳು ಕಡಿಮೆ. ಇಂಕು ಕೈಯಲ್ಲಿ ಫೆಲ್ಟ್ ಮುಟ್ಟಬಾರದು. ಕೆಲಸ ಮುಗಿದ ಮೇಲೆ ಪ್ರೆಸ್ಸಿನ ಒತ್ತಡ ಸಡಿಲಿಸಿ ಹೋಗಬೇಕು. ಇಂಕು ತೊಳೆಯಲು ಮೊದಲು ಅಡುಗೆ ಎಣ್ಣೆಯನ್ನೇ ಬಳಸಬೇಕು; ಸೀಮೆಎಣ್ಣೆ ಬೇಡ.

ದುಡ್ಡಿನ ಲೆಕ್ಕವನ್ನು ಗೋಡೆಗೇ ಅಂಟಿಸುತ್ತೇವೆ. ನನ್ನ ಅನುಭವದಲ್ಲಿ ಗೆಳೆತನ ಕೆಡುವುದು ಕಲೆಯ ವಿಚಾರಕ್ಕಿಂತ ಜಾಸ್ತಿ ಕರೆಂಟ್ ಬಿಲ್ಲಿಗೆ. ಸಂಬಳ ಇರುವವರು ಪೂರ್ತಿ ಪಾಲು ಕೊಡುತ್ತಾರೆ. ಈಗಷ್ಟೇ ಕಾಲೇಜು ಮುಗಿಸಿದವರು ಬೇರೆಯವರ ಎಡಿಷನ್ (ಒಂದೇ ತಗಡಿನಿಂದ ತೆಗೆಯುವ ಪ್ರಿಂಟ್‌ಗಳ ಗುಂಪು) ತೆಗೆಯಲು ಸಹಾಯ ಮಾಡಿ ತಮ್ಮ ಪಾಲು ತೀರಿಸುತ್ತಾರೆ. ಪ್ರತಿ ಎಡಿಷನ್‌ನಿಂದ ಒಂದು ಪ್ರಿಂಟ್ ಶೆಡ್ಡಿಗೆ. ಅದನ್ನು ಮಾರಿದ ಹಣ ರಿಪೇರಿಗೆ. ಹೀಗೆ ಮಾಡಿದ್ದರಿಂದ, ದುಡ್ಡಿಲ್ಲದ ತಿಂಗಳಲ್ಲೂ ಯಾರೂ ಮುಖ ಮರೆಸಿಕೊಂಡು ದೂರ ಉಳಿಯುವುದಿಲ್ಲ. ನನಗೆ ಇದು ಬಹಳ ಮುಖ್ಯ. ಕೆಲಸ ಒಮ್ಮೆ ನಿಂತರೆ ಮತ್ತೆ ಶುರು ಮಾಡುವುದು ಎಷ್ಟು ಕಷ್ಟ ಅಂತ ನೋಡಿದ್ದೇನೆ.

ನಾವು ನೆನೆಸದೇ ಇದ್ದವರೂ ಬಂದರು. ಅವೆನ್ಯೂ ರಸ್ತೆಯಲ್ಲಿ ಮದುವೆ ಕಾರ್ಡಿಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದ ಒಬ್ಬರು ಸುಮ್ನೆ ನೋಡಲು ಬಂದವರು, ಈಗ ನಮಗೆ ರಿಜಿಸ್ಟ್ರೇಷನ್ ಹೇಳಿಕೊಡುತ್ತಾರೆ. ಒಂದರ ಮೇಲೊಂದು ಬಣ್ಣ ಕೂದಲೆಳೆಯಷ್ಟೂ ಸರಿಯದಂತೆ ಕೂರಿಸುವ ಅವರ ವಿದ್ಯೆ ನಮ್ಮಲ್ಲಿ ಡಿಗ್ರಿ ಇರುವ ಯಾರಿಗೂ ಬರುತ್ತಿರಲಿಲ್ಲ. ಕಲಿಸಿದ ದಿನದ ಸಂಬಳವನ್ನು ಅವತ್ತೇ ಕೊಡುತ್ತೇವೆ. ಶನಿವಾರ ಲೇತ್ ಅಂಗಡಿಯವರ ಮಕ್ಕಳು ಲಿನೊ, ಅಂದರೆ ಅಚ್ಚಿಗೆ ಬಳಸುವ ಮೆತ್ತನೆ ಹಾಳೆ, ಕೆತ್ತಲು ಬರುತ್ತಾರೆ. ಮೊದಲ ಪಾಠ ಒಂದೇ: ಉಳಿಯ ಮುಂದೆ ಇನ್ನೊಂದು ಕೈ ಇಡಬಾರದು.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಎಲ್ಲರ ಕೆಲಸ ಒಂದೇ ಮಳಿಗೆಯಲ್ಲಿಡುತ್ತೇವೆ. ಒಂದೇ ತಗಡಿನಿಂದ ಹಲವು ಪ್ರಿಂಟ್ ಬರುವುದರಿಂದ ಬೆಲೆ ಕಡಿಮೆ ಇಡಬಹುದು. ಹಾಗಾಗಿ ಮೊದಲ ಸಲ ಕಲಾಕೃತಿ ಕೊಳ್ಳುವವರು ನಮ್ಮಲ್ಲಿ ಧೈರ್ಯವಾಗಿ ನಿಲ್ಲುತ್ತಾರೆ. ಹೋದ ಸಂತೆಯ ದುಡ್ಡಿನಲ್ಲಿ ಹೊಸ ಫೆಲ್ಟ್ ಬಂತು. ಬರುವ ಸಂತೆಯದು ಎಕ್ಸಾಸ್ಟ್ ಫ್ಯಾನಿಗೆ ಅಂತ ಈಗಲೇ ಗೋಡೆಯ ಮೇಲೆ ಬರೆದಾಗಿದೆ.